ಬಿಚ್ಚುವ ಮೊದಲು ನೋಡಬೇಕು



ಇತ್ತೀಚೆಗೆ ಹಳೆಯ ಶಿಷ್ಯನೊಬ್ಬ ತನ್ನ ತಂದೆಯ ಕಾಲದ ಸ್ಪೋರ್ಟ್ಸ್ ಕಾರಿನಲ್ಲಿ ಮನೆಗೆ ಬಂದಿದ್ದ. 1980ರ ದಶಕದ ಆಟೋಮ್ಯಾಟಿಕ್ ಗೇರಿನ ವಾಹನ. ಪರ್ಕಳದಿಂದ ಮಣಿಪಾಲದ ಏರು ಹತ್ತುವಾಗ ಗೇರು ತಡವಾಗಿ, ಧಡಕ್ಕನೆ ಬದಲಾಗುತ್ತಿತ್ತು. "ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕಂತೆ ಸರ್. ಅಷ್ಟು ಹಣವಿಲ್ಲ, ಮಾರಿಬಿಡುತ್ತೇನೆ" ಎಂದ.

ಬಿಚ್ಚುವುದು ಕೊನೆಯ ಹೆಜ್ಜೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲು ಸಮತಟ್ಟು ನೆಲದಲ್ಲಿ, ಕೈಪಿಡಿ ಹೇಳಿದ ಕ್ರಮದಲ್ಲಿ ಗೇರ್ ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸವೆದಿರಬಹುದು. ಇಲ್ಲಿ ಎಣ್ಣೆ ಕೆಂಪಾಗಿಯೇ ಇತ್ತು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮುಂದಿನ ಹೆಜ್ಜೆಯಾಗಿ ರಬ್ಬರ್ ಪೈಪೊಂದನ್ನು ಪರೀಕ್ಷಿಸಿದರು. ಅಂದಿನ ಅನೇಕ ಗೇರ್‌ಬಾಕ್ಸುಗಳು ಎಂಜಿನ್ನಿನ ಮೇಲಿನ ಹೊರೆಯನ್ನು ಅರಿಯುತ್ತಿದ್ದುದು ಅದರ ನಿರ್ವಾತದಿಂದ. ಆ ಪೈಪು ಬಿರಿದರೆ, ಎಂಜಿನ್ ಸದಾ ಭಾರ ಎಳೆಯುತ್ತಿದೆಯೆಂದು ಗೇರ್‌ಬಾಕ್ಸ್ ತಪ್ಪು ತಿಳಿಯುತ್ತದೆ. ಬಿರುಕು ಅಲ್ಲಿಯೇ ಇತ್ತು. ಪೈಪು ಬದಲಾಯಿತು, ಕಾರು ಮನೆಯಲ್ಲಿಯೇ ಉಳಿಯಿತು.

ಇದೇ ಹುಡುಗನನ್ನು ನಾನು ಒಂದು ವರ್ಷವಿಡೀ ದಡ್ಡನೆಂದು ಬೈದಿದ್ದೆ. ಅವನಿಗೆ ಕಪ್ಪುಹಲಗೆ ಸರಿಯಾಗಿ ಕಾಣುತ್ತಿರಲಿಲ್ಲವೆಂದು ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಕನ್ನಡಕವೊಂದೇ ಸಾಕಾಗಿತ್ತು. ಆ ಮೆಕ್ಯಾನಿಕ್‌ಗೆ ಇದ್ದ ತಾಳ್ಮೆ ಬಿಎಡ್ ಓದಿದ ನನಗಿರಲಿಲ್ಲ.