ಈ ದೋಣಿಯನ್ನು ಅರ್ಜಿಗೆ ಕಟ್ಟಬೇಡಿ

ಕೆಲವು ವರ್ಷಗಳ ಹಿಂದೆ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಪೇಪರ್ ತಟ್ಟೆ, ಮುಂದೆ ಬಿಸಿಬೇಳೆಬಾತಿನ ದೊಡ್ಡ ಟ್ರೇ. ಹಿಂದಿದ್ದ ಪರಿಚಯದವರೊಬ್ಬರು ಕೇಳಿದರು: “ನಿಮ್ಮ ಮಗಳು ರಿಮೋಟ್ ದೋಣಿ ಬಿಡ್ತಾಳಂತೆ? ಅದಕ್ಕೆ ನ್ಯಾಷನಲ್ಸ್ ಇದೆಯಾ?”

“ಇದೆ” ಅಂದೆ.

“ಕಾಲೇಜ್ ಅಡ್ಮಿಷನ್‌ಗೆ ಉಪಯೋಗ ಆಗುತ್ತಾ?”

ಅವರು ಒಳ್ಳೆಯವರು, ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ತೊಂದರೆ ಏನಂದ್ರೆ, ಕಾರು ಓಡಿಸಿಕೊಂಡು ಮನೆ ಸೇರುವಷ್ಟರಲ್ಲಿ ಅದು ನನ್ನ ಪ್ರಶ್ನೆಯೂ ಆಗಿತ್ತು. ಅದಕ್ಕೆ ಎಷ್ಟು ಬೆಲೆ ತೆತ್ತೆ ಅಂತ ಮುಂದೆ ಹೇಳ್ತೀನಿ. ಈ ಬರಹ ಆ ಪ್ರಶ್ನೆಯ ವಿರುದ್ಧ, ಹಾಗಾಗಿ ಮೊದಲನೆಯದಾಗಿ ನನ್ನ ವಿರುದ್ಧ.

ಈ ಹವ್ಯಾಸ ಏನು ಅಂತ ಮೊದಲು ಹೇಳಿಬಿಡ್ತೀನಿ. ರೇಡಿಯೊ ನಿಯಂತ್ರಣದ ಹಾಯಿದೋಣಿಗೆ ಎಂಜಿನ್ ಇರುವುದಿಲ್ಲ, ಪ್ರೊಪೆಲ್ಲರ್ ಇರುವುದಿಲ್ಲ. ಒಳಗೆ ಒಂದು ರಿಸೀವರ್, ಒಂದು ಬ್ಯಾಟರಿ, ಎರಡು ಪುಟ್ಟ ಸರ್ವೊ ಮೋಟರ್. ಒಂದು ಸರ್ವೊ ಚುಕ್ಕಾಣಿಯನ್ನು, ಅಂದರೆ ರಡ್ಡರನ್ನು, ತಿರುಗಿಸುತ್ತದೆ. ಇನ್ನೊಂದು ಹಾಯಿಗೆ ಕಟ್ಟಿದ ದಾರವನ್ನು ಎಳೆಯುತ್ತದೆ, ಇಲ್ಲವೇ ಸಡಿಲ ಬಿಡುತ್ತದೆ. ದಡದಲ್ಲಿ ನಿಂತವರು ಇವೆರಡನ್ನು ಮಾತ್ರ ಮಾಡಬಹುದು. ದೋಣಿಯನ್ನು ಓಡಿಸುವುದು ಗಾಳಿ.

ಆ ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ, ಘಾಟಿ ರಸ್ತೆ ಹತ್ತುವ ಬಸ್ಸಿನ ಹಾಗೆ ಮುಂದೆ ಹೋಗಬೇಕು. ನೀರಿನೊಳಗಿನ ಕೀಲ್ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಅದರ ತುದಿಯ ಸೀಸದ ಗುಂಡು ದೋಣಿ ಮಗುಚದಂತೆ ಕಾಯುತ್ತದೆ. ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ಅನ್ನುವ ವರ್ಗದ ದೋಣಿಯ ಒಡಲು 1 ಮೀಟರ್ ಮೀರಬಾರದು, ತೂಕ 4 ಕಿಲೋಗಿಂತ ಕಡಿಮೆ ಇರಬಾರದು. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೀಲ್ ಮತ್ತು ಗುಂಡಿನದೇ.

ಅಮೆರಿಕದಲ್ಲಿ ಇದಕ್ಕೊಂದು ಸಂಸ್ಥೆಯೂ ಇದೆ: 1970ರಲ್ಲಿ ಶುರುವಾದ ಅಮೆರಿಕನ್ ಮಾಡೆಲ್ ಯಾಟಿಂಗ್ ಅಸೋಸಿಯೇಷನ್. ನ್ಯಾಷನಲ್ಸ್ ನಡೆಯುವುದು ನಿಜ. ಆದರೆ ನಾನು ಕಂಡ ಮಟ್ಟಿಗೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾಲೇಜಿಗೆ ಅರ್ಜಿ ಹಾಕಿ ಐವತ್ತು ವರ್ಷ ಆಗಿರುವವರು.

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಚಳಿಗಾಲ, ವರ್ಜೀನಿಯಾದ ನಮ್ಮ ಮನೆಯ ಗ್ಯಾರೇಜ್. ಕಿಟ್ ತರಿಸಿದ್ದೆವು. ಒಡಲಿನ ಅಂಚಿಗೆ ಎಪಾಕ್ಸಿ ಅಂಟು ಹಚ್ಚಬೇಕು, ಚಳಿಗೆ ಅಂಟು ಗಟ್ಟಿಯಾಗಲೊಲ್ಲದು. ಅವಳು ಒಳಗೆ ಓಡಿ ಹೋಗಿ ಅವರಮ್ಮನ ಹೇರ್ ಡ್ರೈಯರ್ ತಂದಳು. ಮರಳು ಕಾಗದದಲ್ಲಿ ಉಜ್ಜಿದ್ದು ಉಜ್ಜಿದ್ದೇ, ಮೂಗಿನ ತುಂಬಾ ಧೂಳು. ಒಂದು ರಂಧ್ರವನ್ನು ನಾನು ತಪ್ಪು ಜಾಗದಲ್ಲಿ ಕೊರೆದೆ. ಅವಳು ನಕ್ಕಳು, ಆಮೇಲೆ ಅದನ್ನು ಮುಚ್ಚುವ ಉಪಾಯ ಅವಳೇ ಹೇಳಿದಳು.

ಆ ಚಳಿಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ನನಗೆ ಅದು ತಡವಾಗಿ ಗೊತ್ತಾಯಿತು. ಭಾನುವಾರದ ಕನ್ನಡ ತರಗತಿಯಲ್ಲಿ ಅವಳು ವರ್ಷಗಟ್ಟಲೆ ಅಕ್ಷರ ತಿದ್ದಿದ್ದಳು, ನಾಡಗೀತೆ ಹಾಡಿದ್ದಳು, ಸ್ಟೇಜ್ ಮೇಲೆ ವಚನ ಹೇಳಿದ್ದಳು. ಆದರೂ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಗ್ಯಾರೇಜಿನಲ್ಲಿ ಹಾಗಾಗಲಿಲ್ಲ. ಎರಡೂ ಕೈಯಲ್ಲಿ ಅಂಟು ಇರುವಾಗ ಬಾಯಿಗೆ ಬರುವುದು ಸಣ್ಣ ಮಾತು: ಹಿಡ್ಕೋ. ಬಿಡು. ಇನ್ನೂ ಸ್ವಲ್ಪ ಬಿಗಿ ಮಾಡು. ಸಡಿಲ ಆಯ್ತು. ತಡಿ, ಒಣಗಿಲ್ಲ. ಓರೆ ಆಗಿದೆ ನೋಡು. ಮಾರ್ಚ್ ಹೊತ್ತಿಗೆ “ಅಪ್ಪ, ದಾರ ಸಿಕ್ಕಾಕೊಂಡಿದೆ, ಎಳೀಬೇಡ” ಅಂತ ಅವಳೇ ನನ್ನನ್ನು ಗದರಿಸುತ್ತಿದ್ದಳು. ಮಗು ಗದರಿಸಿದ ಕನ್ನಡದಿಂದ ನನಗಾದ ಸಂತೋಷ ಯಾವ ಸ್ಟೇಜಿನಿಂದಲೂ ಆಗಿರಲಿಲ್ಲ. ಹಬ್ಬ ಮತ್ತು ತಿಂಡಿಯ ಕನ್ನಡ ಮಾತ್ರ ಕೊಟ್ಟು, ಮಕ್ಕಳು ಕನ್ನಡ ಮಾತಾಡಲ್ಲ ಅಂತ ದೂರುತ್ತೇವಲ್ಲ, ಅದು ಸರಿಯಾ? ಕೆಲಸದ ಕನ್ನಡವನ್ನು ನಾವು ಅವರಿಗೆ ಕೊಟ್ಟಿದ್ದೇವಾ?

ವಸಂತಕ್ಕೆ ಕೆರೆಗೆ ಹೋದೆವು. ಶನಿವಾರ ಬೆಳಿಗ್ಗೆ ಆರೇಳು ಜನ ಸೇರುತ್ತಿದ್ದರು, ಎಲ್ಲರೂ ನಿವೃತ್ತರು. ಒಂದು ಶನಿವಾರ ಮಾರ್ಕ್ ಸುತ್ತುವಾಗ ಎರಡು ದೋಣಿ ತಾಕಿದವು. ಪೋರ್ಟ್ ಟ್ಯಾಕ್‌ನಲ್ಲಿರುವ ದೋಣಿ, ಅಂದರೆ ಎಡಬದಿಯಿಂದ ಗಾಳಿ ಪಡೆಯುವ ದೋಣಿ, ಸ್ಟಾರ್‌ಬೋರ್ಡ್ ಟ್ಯಾಕ್‌ನ ದೋಣಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ದೋಣಿಗಳು ದಡದಿಂದ ದೂರ ಇದ್ದವು, ಯಾರೂ ಸರಿಯಾಗಿ ನೋಡಿರಲಿಲ್ಲ. ಮಗಳು “ತಪ್ಪು ನಂದು” ಅಂದು ತನ್ನ ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಳು. ಈ ಆಟದಲ್ಲಿ ಶಿಕ್ಷೆ ಅದೇ, ಒಂದು ಸುತ್ತು. ಇಂಥ ಕೆರೆದಂಡೆ ರೇಸಿನಲ್ಲಿ ಸೀಟಿ ಊದುವ ಅಂಪೈರ್ ಇರುವುದಿಲ್ಲ, ತಪ್ಪಿದವರೇ ಒಪ್ಪಿಕೊಂಡು ಸುತ್ತಬೇಕು. ಅವಳು ಕೊನೆಯ ಸ್ಥಾನಕ್ಕೆ ಬಂದಳು. ವಾಪಸ್ ಬರುವಾಗ ಕಾರಿನಲ್ಲಿ ಹಾಡು ಹೇಳುತ್ತಿದ್ದಳು.

ಇದೆಲ್ಲ ಇಷ್ಟು ಚೆನ್ನಾಗಿತ್ತು. ಆಗ ಬಂತು ಆ ಯುಗಾದಿ ಊಟ.

ಎಂಟನೇ ತರಗತಿಯ ಬೇಸಿಗೆಯಲ್ಲಿ ನಾನೊಂದು ಸ್ಪ್ರೆಡ್‌ಶೀಟ್ ತೆರೆದೆ. ದಿನಾಂಕ, ಎಷ್ಟು ಗಂಟೆ, ಗಾಳಿಯ ವೇಗ, ಬಂದ ಸ್ಥಾನ. ಆಮೇಲೆ “ಸ್ಕೂಲಲ್ಲಿ ಒಂದು ಕ್ಲಬ್ ಶುರು ಮಾಡು ಪುಟ್ಟಿ, ಫೌಂಡರ್ ಅಂತ ಹಾಕಬಹುದು” ಅಂದೆ. ಹಾಯಿಯ ಆಕಾರದ ಮೇಲೆ ಸೈನ್ಸ್ ಫೇರ್ ಪ್ರಾಜೆಕ್ಟ್ ಮಾಡು ಅಂದೆ. ಬಡ ಮಕ್ಕಳಿಗೆ ದೋಣಿ ಕಲಿಸುವ ವಾಲಂಟಿಯರ್ ಕಾರ್ಯಕ್ರಮದ ಯೋಜನೆಯನ್ನೂ ಬರೆದೆ, ಅವಳ ಹೆಸರಿನಲ್ಲಿ.

ಅವಳು ಸ್ಕ್ರೀನ್ ನೋಡಿದಳು, ನನ್ನನ್ನು ನೋಡಿದಳು. “ಅಪ್ಪ, ಇದೂನಾ?” ಅಂದಳು.

ಜಗಳ ಆಗಲಿಲ್ಲ. ಮುಂದಿನ ಶನಿವಾರ ಹೋಮ್‌ವರ್ಕ್ ಇತ್ತು. ಅದರ ಮುಂದಿನ ಶನಿವಾರ ತಲೆನೋವು. ಎಲೆ ಉದುರುವ ಹೊತ್ತಿಗೆ ದೋಣಿ ಗ್ಯಾರೇಜಿನ ಗೋಡೆಯ ಕೊಕ್ಕೆಗೆ ಹೋಯಿತು. ಈಗಲೂ ಅಲ್ಲೇ ಇದೆ. ನಾನು ಇನ್ನೊಂದು ದೋಣಿ ಕಟ್ಟಿಕೊಂಡು ಒಬ್ಬನೇ ಹೋಗ್ತೀನಿ.

ಕಾಮನ್ ಆ್ಯಪ್ ಅನ್ನುವ ಕಾಲೇಜು ಅರ್ಜಿಯಲ್ಲಿ ಚಟುವಟಿಕೆಗಳಿಗೆ 10 ಜಾಗ ಇವೆ. ಆ ಹತ್ತನ್ನು ತುಂಬಲು ನಾವು ಹತ್ತು ವರ್ಷ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಓಡಾಡುತ್ತೇವೆ. ತುಂಬಿಸಿ, ಬೇಡ ಅನ್ನಲ್ಲ. ನಾವು ಸಿಇಟಿ ರ‍್ಯಾಂಕ್ ಹಿಡಿದುಕೊಂಡು, ಒಂದೊಂದು ಮಾರ್ಕ್ಸ್‌ಗೂ ಉಸಿರು ಬಿಗಿಹಿಡಿದು ಇಲ್ಲಿಗೆ ಬಂದವರು. ವಲಸೆ ಬಂದವರ ಭಯ ಸುಳ್ಳು ಭಯ ಅಲ್ಲ. ಆದರೆ ಆ ಪಟ್ಟಿಗೆ ಸೇರದ ಹನ್ನೊಂದನೆಯದೊಂದು ಮಗುವಿಗೆ ಇರಲಿ. ಅದನ್ನು ಎಲ್ಲೂ ಬರೆಯಬೇಡಿ, ಅದರ ಫೋಟೊ ಗ್ರೂಪಿಗೆ ಹಾಕಬೇಡಿ, ಅದಕ್ಕೆ ಗಂಟೆ ಲೆಕ್ಕ ಇಡಬೇಡಿ.

“ಹಾಗಾದರೆ ರೋಬೋಟಿಕ್ಸ್ ಇದೆಯಲ್ಲ, ಅಲ್ಲೂ ಕೈಕೆಲಸವೇ” ಅಂತಾರೆ. ರೋಬೋಟಿಕ್ಸ್ ಒಳ್ಳೆಯದೇ. ಆದರೆ ಅಲ್ಲಿ ಯಾವ ಕೆಲಸಕ್ಕೆ ಎಷ್ಟು ಅಂಕ ಅಂತ ಮೊದಲೇ ಕಾಗದದ ಮೇಲೆ ಇರುತ್ತದೆ, ಮಕ್ಕಳು ಅಂಕಕ್ಕೆ ತಕ್ಕ ಯಂತ್ರ ಕಟ್ಟುತ್ತಾರೆ. ಕೆರೆಯ ಗಾಳಿಗೆ ಅಂಥ ಕಾಗದ ಇಲ್ಲ. ಮರದ ಮರೆಯಿಂದ ಒಮ್ಮೆ ಬೀಸುತ್ತದೆ, ಒಮ್ಮೆ ಪೂರ್ತಿ ನಿಂತುಬಿಡುತ್ತದೆ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ರೈತರು ಹೇಳಿದ್ದು ಇದನ್ನೇ. ಆ ಗಾದೆಯ ಒಳಗೆ ಗಾಳಿ ಬರುವ ತನಕ ಕಾಯುವುದೂ ಇದೆ. ನಿಂತ ನೀರಿನ ನಡುವೆ ನಿಂತ ದೋಣಿಯನ್ನು ನೋಡುತ್ತಾ ಇಪ್ಪತ್ತು ನಿಮಿಷ ಸುಮ್ಮನಿರುವುದನ್ನು ನಮ್ಮ ಮಕ್ಕಳಿಗೆ ಬೇರೆ ಯಾವ ಕೋಚಿಂಗ್ ಕಲಿಸುತ್ತಿದೆ?

ಇನ್ನು ಕೆಲವರು “ಇದು ಬಿಳಿಯರ ಶೋಕಿ, ನಮ್ಮದಲ್ಲ” ಅಂತಾರೆ. ಇದಕ್ಕೆ ನನಗೆ ಸಿಟ್ಟೇ ಬರುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿ ಇಟ್ಟುಕೊಂಡವರು ಆಡುವ ಮಾತೇ ಇದು? 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದು ಅಲ್ಲಿನ ಹಡಗುಗಳ ಬಗ್ಗೆ ಬರೆದಿಟ್ಟಿದ್ದಾನೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳು ಹಿಂದೆ ಹಾಯಿಯ ಮೇಲೇ ಓಡುತ್ತಿದ್ದವು, ಎಂಜಿನ್ ಬಂದಿದ್ದು ಆಮೇಲೆ. ಹಾಯಿ, ಚುಕ್ಕಾಣಿ, ಕೂವೆಕಂಬ, ಲಂಗರು: ಪದಗಳು ನಮ್ಮಲ್ಲೇ ಇವೆ. 12ನೇ ಶತಮಾನದ ಅಂಬಿಗರ ಚೌಡಯ್ಯ ದೋಣಿ ನಡೆಸುವ ಕಸುಬನ್ನೇ ತನ್ನ ಹೆಸರಿನಲ್ಲಿ ಇಟ್ಟುಕೊಂಡ ವಚನಕಾರ. ಅವನ ವಚನ ಬಾಯಿಪಾಠ ಮಾಡಿಸುತ್ತೇವೆ, ಮಗುವಿನ ಕೈಗೆ ಚುಕ್ಕಾಣಿ ಮಾತ್ರ ಕೊಡುವುದಿಲ್ಲ.

ನಮ್ಮ ಕೆರೆಗೆ ಬರುವ ಹಿರಿಯರೊಬ್ಬರ ಬಳಿ ಸ್ಕಿಪ್‌ಜಾಕ್ ಮಾದರಿ ಇದೆ. ಚೆಸಪೀಕ್ ಕೊಲ್ಲಿಯಲ್ಲಿ ಆಯ್ಸ್ಟರ್ ಚಿಪ್ಪು ಎತ್ತುವ ಹಾಯಿದೋಣಿ ಅದು. 1985ರಿಂದ ಮೇರಿಲ್ಯಾಂಡಿನ ಅಧಿಕೃತ ರಾಜ್ಯ ದೋಣಿ. ಅವರಜ್ಜ ಅಂಥ ದೋಣಿಯಲ್ಲಿ ದುಡಿದವರಂತೆ. ಪ್ರತಿ ಹಲಗೆಯ ಹೆಸರೂ ಅವರಿಗೆ ಗೊತ್ತು. “ನಿಮ್ಮ ಕಡೆಯ ದೋಣಿ ಹೇಗಿರುತ್ತೆ?” ಅಂತ ಅವರು ಕೇಳಿದಾಗ ನಾನು ಫೋನಿನಲ್ಲಿ ಮಂಜಿಯ ಚಿತ್ರ ಹುಡುಕಬೇಕಾಯಿತು. ನಮ್ಮಲ್ಲಿ ಯಾರಾದರೂ ಒಂದು ಮಂಜಿ ಮಾಡಿ ಈ ನೀರಿಗೆ ಬಿಟ್ಟರೆ ಎಷ್ಟು ಚೆನ್ನಾಗಿರುತ್ತದೆ.

ದುಬಾರಿ ಅನ್ನುವ ಮಾತೂ ನಿಲ್ಲುವುದಿಲ್ಲ. ಡ್ರ್ಯಾಗನ್‌ಫೋರ್ಸ್ 65 ಥರದ ಚಿಕ್ಕ ದೋಣಿಗೆ ಕೆಲವು ನೂರು ಡಾಲರ್, ಅಷ್ಟನ್ನು ನಾವು ಕೋಚಿಂಗ್‌ಗೆ ಯೋಚಿಸದೆ ಕೊಡುತ್ತೇವೆ. ನೀರಿಗೂ ದೂರ ಹೋಗಬೇಕಿಲ್ಲ. ನಾವು ಮನೆ ಕೊಂಡಿರುವ ಆಶ್‌ಬರ್ನ್, ಆಲ್ಫರೆಟ್ಟಾ, ಕೇರಿಯಂಥ ಊರುಗಳ ಬಡಾವಣೆಗಳಲ್ಲಿ ಮಳೆನೀರು ಹಿಡಿಯಲು ತೋಡಿದ ಕೊಳಗಳಿವೆ, ಬಾತುಕೋಳಿ ಬಿಟ್ಟರೆ ಅವುಗಳನ್ನು ಬಳಸುವವರು ಕಮ್ಮಿ. ಮನೆಮಾಲೀಕರ ಸಂಘದ ಅನುಮತಿ ಕೇಳಿ. ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಆಳ ಇದ್ದರೆ ಬಹಳಷ್ಟು ದೋಣಿಗಳಿಗೆ ಸಾಕು. ಇನ್ನೂ ದೊಡ್ಡ ನೀರು ಬೇಕೆಂದರೆ ಮೋರಿಸ್‌ವಿಲ್ ಬಳಿ ಲೇಕ್ ಕ್ರ್ಯಾಬ್‌ಟ್ರೀ ಇದೆ, ಅಟ್ಲಾಂಟಾದವರಿಗೆ 1996ರ ಒಲಿಂಪಿಕ್ಸ್‌ನ ರೋಯಿಂಗ್ ನಡೆದ ಲೇಕ್ ಲೇನಿಯರ್ ಇದೆ. ದೋಣಿ ನಡುನೀರಿನಲ್ಲಿ ಸಿಕ್ಕಿಬಿದ್ದರೆ ಹಿಂದೆ ಇಳಿಯಬೇಡಿ. ಮೀನಿನ ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆದು ನಿಧಾನವಾಗಿ ಎಳೆಯಿರಿ.

ನಾಲ್ಕು ಮನೆಯವರು ಸೇರಿ ನಾಲ್ಕು ಒಂದೇ ಥರದ ದೋಣಿ ಮಾಡಿ. ಕೈಮುಗಿದು ಕೇಳ್ತೀನಿ, ಅದಕ್ಕೆ ಅಧ್ಯಕ್ಷರನ್ನು ಆರಿಸಬೇಡಿ, ಟ್ರೋಫಿ ಇಡಬೇಡಿ, ಸರ್ಟಿಫಿಕೇಟ್ ಹಂಚಬೇಡಿ.

ಅಕ್ಷರ ಕೂಡಿಸಿಕೊಂಡು ಇದನ್ನು ಓದುತ್ತಿರುವ ಎರಡನೇ ತಲೆಮಾರಿನವರಿಗೂ ಒಂದು ಮಾತು. ನಿಮ್ಮ ಅಪ್ಪ ಅಮ್ಮ ಉಪಯೋಗ ಕೇಳುತ್ತಾರೆ, ಅವರನ್ನು ಹಾಗೆ ಬೆಳೆಸಿದ್ದಾರೆ. ವಾದ ಮಾಡಬೇಡಿ. ದಾರದ ಒಂದು ತುದಿ ಅವರ ಕೈಗೆ ಕೊಟ್ಟು “ಸ್ವಲ್ಪ ಹಿಡ್ಕೊಳ್ಳಿ” ಅನ್ನಿ. ಹಿಡಿದುಕೊಂಡವರು ಬೇಗ ಬಿಡುವುದಿಲ್ಲ.

ನನ್ನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅವಳ ಅರ್ಜಿಯಲ್ಲಿ ದೋಣಿ ಇರಲಿಲ್ಲ, ಬರೆಯಲು ಅವಳು ಒಪ್ಪಲಿಲ್ಲ. ಆಗ ಬೇಜಾರಾಗಿತ್ತು, ಈಗ ಅವಳ ಮೇಲೆ ಗೌರವ ಬರುತ್ತದೆ. ಕಳೆದ ತಿಂಗಳು ಗೋಡೆಯ ಮೇಲಿನ ಅವಳ ದೋಣಿ ಇಳಿಸಿ, ಒಣಗಿ ಹೋಗಿದ್ದ ದಾರ ಬದಲಾಯಿಸಿ, ಹೊಸ ಬ್ಯಾಟರಿ ಹಾಕಿ ಮತ್ತೆ ಅಲ್ಲೇ ತೂಗುಹಾಕಿದೆ. ಅವಳಿಗೆ ಹೇಳಿಲ್ಲ.

ಮುಂದಿನ ಯುಗಾದಿ ಊಟದ ಸಾಲಿನಲ್ಲಿ ಯಾರದಾದರೂ ಮಗು ದೋಣಿ ಬಿಡುತ್ತದೆ ಅಂತ ಗೊತ್ತಾದರೆ ದಯವಿಟ್ಟು ನ್ಯಾಷನಲ್ಸ್ ಬಗ್ಗೆ ಕೇಳಬೇಡಿ. ಆ ಮಗುವನ್ನೇ ಕರೆದು, ಈ ಶನಿವಾರ ಗಾಳಿ ಹೇಗಿತ್ತು ಅಂತ ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ.