ನೋಟ್ಸ್ ಕೊಟ್ಟವರೆಲ್ಲ ಫ್ರೆಂಡ್ಸಾ?

ಸ್ಕೂಲಲ್ಲಿ ಫ್ರೆಂಡ್ ಅಂದ್ರೆ ಪಕ್ಕದಲ್ಲಿ ಕೂತವರು, ಅಷ್ಟೇ. ಬೆಳಗ್ಗೆ ಠೂ ಬಿಟ್ರೂ ಮಧ್ಯಾಹ್ನ ಒಂದೇ ಡಬ್ಬಿ. ಕಾಲೇಜಿಗೆ ಬಂದ ಮೇಲೆ ನಾವು ಲೆಕ್ಕ ಹಾಕೋದು ಕಲಿತಿದ್ದೀವಿ: ಯಾರ ಹತ್ರ ನೋಟ್ಸ್ ಇದೆ, ಮಿನಿ ಪ್ರಾಜೆಕ್ಟಿಗೆ ಕೋಡ್ ಯಾರು ಬರೀತಾರೆ?

ಇದು ಹೊಸದಲ್ಲ. ಸುಮಾರು 2,300 ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆ ಹೇಳಿದ್ದ: ಉಪಯೋಗಕ್ಕೆ, ಖುಷಿಗೆ, ಮತ್ತು ಆ ವ್ಯಕ್ತಿಯ ಒಳ್ಳೆಯತನಕ್ಕಾಗಿ. ಮೊದಲೆರಡು ಕಾರಣ ಮುಗಿದಾಗ ಮುಗಿಯುತ್ತವೆ. ಮೂರನೆಯದಕ್ಕೆ ಸಮಯ ಬೇಕು, ಜೊತೆಯಲ್ಲಿ ಉಂಡಿರಬೇಕು.

ಉಪಯೋಗದ ಸ್ನೇಹ ತಪ್ಪಲ್ಲ. ಇಂಟರ್ನಲ್ಸ್ ದಾಟೋದೇ ಅದರಿಂದ. ಆದರೆ ಅಲ್ಲಿಗೇ ನಿಂತರೆ ನಷ್ಟ ನಮಗೇ. ಡಿಪ್ಲೊಮಾ ಮುಗಿಸಿ ಮೂರನೇ ಸೆಮ್‌ಗೆ ಲ್ಯಾಟರಲ್ ಎಂಟ್ರಿಯಲ್ಲಿ ಬರುವವರನ್ನೇ ನೋಡಿ. ಅಷ್ಟರಲ್ಲಿ ಗ್ಯಾಂಗು, ಬೆಂಚು ಎಲ್ಲಾ ಫಿಕ್ಸ್. ಲ್ಯಾಬಲ್ಲಿ ಸರ್ಕ್ಯೂಟ್ ಕೈಕೊಟ್ಟಾಗ ಅವರು ಬೇಕು, ಕ್ಯಾಂಟೀನಿಗೆ ಹೋಗುವಾಗ ನೆನಪಾಗಲ್ಲ. ಕನ್ನಡ ಮಾಧ್ಯಮದಿಂದ ಬಂದವರಂತೂ ನಮ್ಮ ಇಂಗ್ಲಿಷ್ ಹರಟೆಯ ನಡುವೆ ಸುಮ್ಮನಾಗಿಬಿಡ್ತಾರೆ.

ಬೆಳೆಯೋದು ಅಂದ್ರೆ ಫ್ರೆಂಡ್ಸನ್ನ ಕಮ್ಮಿ ಮಾಡಿಕೊಳ್ಳೋದು ಅಂತ ಹಲವರು ಅಂತಾರೆ. ನಾವು ಒಪ್ಪಲ್ಲ. ಕೆಲಸ ಇಲ್ಲದಾಗಲೂ ಒಬ್ಬರನ್ನು ಕರೆಯೋದೇ ಬೆಳೆಯೋದು.

ಇವತ್ತು ಕ್ಯಾಂಟೀನಿಗೆ ಹೊರಟಾಗ "ಬಾ ಮಗಾ, ಟೀ ಕುಡಿಯೋಣ" ಅನ್ನಿ. ನೋಟ್ಸ್ ನಾಳೆ ಕೇಳಿದ್ರಾಯ್ತು.