ಗಾಯದ ಗುರುತಿರುವ ಭರವಸೆ

ಶ್ರೀಲಂಕೆಯ ನೆಗೊಂಬೊ ಪಟ್ಟಣಕ್ಕೆ ಸಮೀಪದ ಕಟುವಾಪಿಟಿಯದಲ್ಲಿ ಸಂತ ಸೆಬಾಸ್ಟಿಯನ್ನರ ದೇವಾಲಯವಿದೆ. ಅಲ್ಲಿ ಪುನರುತ್ಥಾನಗೊಂಡ ಯೇಸುಕ್ರಿಸ್ತರ ಪ್ರತಿಮೆಯೊಂದನ್ನು ಗಾಜಿನ ಆವರಣದೊಳಗೆ ಕಾಪಾಡಿಡಲಾಗಿದೆ. ಪ್ರತಿಮೆಯ ಮೇಲೆ ಕಾಣುವ ಕೆಂಪು ಕಲೆಗಳು ಶಿಲ್ಪಿ ಬಳಿದ ಬಣ್ಣವಲ್ಲ. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಬಲಿಪೂಜೆಗೆ ಸೇರಿದ್ದ ಜನರ ರಕ್ತ ಅದು. ಆ ಬೆಳಗ್ಗೆ ಕೊಲಂಬೊ, ನೆಗೊಂಬೊ ಮತ್ತು ಬಟ್ಟಿಕಲೋವಾದ ಮೂರು ಚರ್ಚುಗಳಲ್ಲಿ, ಕೊಲಂಬೊದ ಮೂರು ಐಷಾರಾಮಿ ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿಕೋರರು ನಡೆಸಿದ ಸ್ಫೋಟಗಳಿಗೆ 260ಕ್ಕೂ ಹೆಚ್ಚು ಮಂದಿ ಬಲಿಯಾದರು. ಕಟುವಾಪಿಟಿಯ ಒಂದರಲ್ಲೇ ಸತ್ತವರು ನೂರಕ್ಕೂ ಹೆಚ್ಚು. ಏಪ್ರಿಲ್ 18ರ ಮತದಾನ ಮುಗಿಸಿ ವಿಶ್ರಾಂತಿಗೆಂದು ಕೊಲಂಬೊಗೆ ಹೋಗಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರಲ್ಲಿ ಹಲವರು ಶಾಂಗ್ರಿಲಾ ಹೋಟೆಲಿನಲ್ಲಿ ಅಸುನೀಗಿದ್ದು ನಮ್ಮವರಿಗೆ ನೆನಪಿರಬಹುದು.

ದುರಂತ ನಡೆದ ಸ್ಥಳಕ್ಕೆ ಗಣ್ಯರು ಬರುವ ಮುನ್ನ ನೆಲ ತೊಳೆಸಿ, ಸುಣ್ಣ ಬಳಿಸಿ, ಎಲ್ಲವೂ ಸಹಜ ಸ್ಥಿತಿಗೆ ಮರಳಿದೆ ಎಂದು ತೋರಿಸುವುದು ಸರ್ಕಾರಗಳ ಹಳೆಯ ಪದ್ಧತಿ. ಅಂಥ ವ್ಯವಸ್ಥೆಗಳನ್ನು ನಾನೂ ಮಾಡಿಸಿದ್ದೇನೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕಟುವಾಪಿಟಿಯದ ದೇವಾಲಯದ ಹಾರಿಹೋದ ಚಾವಣಿಯನ್ನು ದುರಸ್ತಿ ಮಾಡಿ, ಮೂರೇ ತಿಂಗಳಲ್ಲಿ, ಅಂದರೆ 2019ರ ಜುಲೈನಲ್ಲಿ ಮತ್ತೆ ಪೂಜೆಗೆ ತೆರೆಯಲಾಯಿತು. ಆದರೆ ಆ ಪ್ರತಿಮೆಯನ್ನು ಮಾತ್ರ ತೊಳೆಯಲಿಲ್ಲ. ಪುನರುತ್ಥಾನದ ಕುರಿತು ನಾನು ಓದಿದ ಅನೇಕ ಗ್ರಂಥಗಳಿಗಿಂತ ಹೆಚ್ಚಿನ ಅರ್ಥ ಈ ಒಂದು ತೀರ್ಮಾನದಲ್ಲಿದೆ ಎಂದು ನನಗೆ ಅನ್ನಿಸಿದೆ.

ಏಕೆಂದರೆ ಯೋಹಾನನ ಶುಭಸಂದೇಶದ ಪ್ರಕಾರ ಸಾವನ್ನು ಗೆದ್ದು ಬಂದ ಯೇಸುವಿನ ಅಂಗೈಗಳಲ್ಲಿ ಮೊಳೆಯ ಗುರುತುಗಳು ಹಾಗೆಯೇ ಇದ್ದವು. ನಂಬದಿದ್ದ ತೋಮನಿಗೆ ಅವರು ತೋರಿಸಿದ್ದು ತೇಜಸ್ಸನ್ನಲ್ಲ, ಗಾಯವನ್ನು. ಈಸ್ಟರ್ ಎಂದರೆ ಶುಭ ಶುಕ್ರವಾರದ ನೋವನ್ನು ಅಳಿಸಿಹಾಕುವ ಸುಖಾಂತ್ಯ ಎಂದು ತಿಳಿಯುವುದು ನಮ್ಮ ಚರ್ಚುಗಳಲ್ಲೂ ರೂಢಿಯಾಗಿದೆ. ಪ್ರವಚನಪೀಠದಿಂದ ಕೇಳಿಬರುವ ‘ಎಲ್ಲವೂ ದೇವರ ಚಿತ್ತ’ ಎಂಬ ಮಾತು ಮಗುವನ್ನು ಕಳೆದುಕೊಂಡ ತಾಯಿಯ ಬಾಯಿ ಮುಚ್ಚಿಸುತ್ತದೆಯೇ ಹೊರತು ಸಂತೈಸುವುದಿಲ್ಲ. ಮಾರ್ಕನ ಶುಭಸಂದೇಶದ ಅತಿ ಪುರಾತನ ಹಸ್ತಪ್ರತಿಗಳು ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರು ಹೆದರಿ ಓಡಿಹೋದುದರೊಂದಿಗೆ ಮುಗಿಯುತ್ತವೆ. ಪುರುಷರ ಸ್ಥಿತಿಯೇನೂ ಉತ್ತಮವಾಗಿರಲಿಲ್ಲ. ಗುರುವನ್ನು ಅರಿಯೆನೆಂದು ಮೂರು ಬಾರಿ ಹೇಳಿದ ಪೇತ್ರನೂ ಅವನ ಸಂಗಾತಿಗಳೂ ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕುಳಿತಿದ್ದರು. ಮೊದಲ ಈಸ್ಟರಿನ ದಿನ ಧೈರ್ಯವಂತರು ಯಾರೂ ಇರಲಿಲ್ಲ. ಅದೇ ಜನ ಮುಂದೆ ಜೆರುಸಲೇಮಿನ ಬೀದಿಗಳಲ್ಲಿ ಅಧಿಕಾರಸ್ಥರ ಎದುರು ನಿಂತು ಮಾತನಾಡಿದರು. ನಡುವೆ ಏನೋ ಸಂಭವಿಸಿತು. ಅದೇನೆಂಬುದನ್ನು ಇತಿಹಾಸಕಾರರು ತಮ್ಮ ವಿಧಾನದಿಂದ ಸಾಬೀತುಪಡಿಸಲಾರರು, ನಾನೂ ಅದಕ್ಕೆ ಪ್ರಯತ್ನಿಸುವುದಿಲ್ಲ. ಆ ಬದಲಾವಣೆಗೆ ವಿಶ್ವಾಸಿಗಳು ಕೊಟ್ಟ ಹೆಸರು ಪುನರುತ್ಥಾನ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ‘ನಿರೀಕ್ಷೆ’ ಪರಿಚಿತ ಪದ. ಹಿಂದಿನ ಅನುಭವ, ಲಭ್ಯ ಮಾಹಿತಿ ಇವುಗಳ ಆಧಾರದ ಮೇಲೆ ಮುಂದಿನದನ್ನು ಅಂದಾಜು ಮಾಡುವುದೇ ಅಲ್ಲಿ ನಿರೀಕ್ಷೆ. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲಿಯೂ ನಂಬಿಕೆ ಮತ್ತು ಪ್ರೀತಿಗಳ ನಡುವೆ ಇದೇ ಪದ ಬರುತ್ತದೆ. ಅರ್ಥ ಮಾತ್ರ ಪೂರ್ತಿ ಬೇರೆ. ಅಂಕಿ ಅಂಶಗಳೆಲ್ಲ ಎದುರಾಗಿ ನಿಂತಾಗಲೂ ಕೈಬಿಡದ ಭರವಸೆ ಅದು. ಕೊಲಂಬೊದ ದೇವಾಲಯಗಳ ಬಾಗಿಲು ಮುಚ್ಚಿ, ಭಾನುವಾರದ ಪೂಜೆಯನ್ನು ದೂರದರ್ಶನದ ಪರದೆಯಲ್ಲಿ ನೋಡಬೇಕಾಗಿ ಬಂದ ಆ ವಾರಗಳಲ್ಲಿ ಯಾವ ಅಂದಾಜೂ ಅಲ್ಲಿನ ಕ್ರೈಸ್ತರ ಪರವಾಗಿರಲಿಲ್ಲ.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಬಾಂಬು ಕಟ್ಟಿಕೊಂಡು ಬಂದವರೂ ಮರಣಾನಂತರದ ಬದುಕನ್ನು ನಂಬಿದ್ದವರೇ ಅಲ್ಲವೇ? ಹಾಗಿದ್ದ ಮೇಲೆ ಪರಲೋಕದ ಭರವಸೆ ಎಂಬುದೇ ಅಪಾಯಕಾರಿಯಲ್ಲವೇ? ವಿಚಾರವಂತ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು. ನನ್ನ ಉತ್ತರ ಇಷ್ಟು: ಕ್ರೈಸ್ತ ವಿಶ್ವಾಸ ಪ್ರಮಾಣವು ಹೇಳುವುದು ಶರೀರದ ಪುನರುತ್ಥಾನವನ್ನು. ದೇಹವನ್ನು ತೊರೆದು ಪಾರಾಗುವ ಮಾತು ಅದರಲ್ಲಿಲ್ಲ. ದೇಹ ದೇವರಿಗೆ ಬೇಕಾದುದು ಎಂದಾದರೆ ನೆರೆಯವನ ದೇಹವನ್ನು ಚಿಂದಿ ಮಾಡುವ ಅಧಿಕಾರ ಯಾರಿಗೂ ಇರದು. ಬಟ್ಟಿಕಲೋವಾದ ಜಿಯೋನ್ ಚರ್ಚಿನಲ್ಲಿ ಅಪರಿಚಿತ ಚೀಲಧಾರಿಯನ್ನು ಕಂಡು ಸಂಶಯಗೊಂಡ ಒಬ್ಬ ವಿಶ್ವಾಸಿ ಅವನನ್ನು ಒಳಗೆ ಬಿಡದೆ ಹೊರಗೇ ತಡೆದರು. ಸ್ಫೋಟದಲ್ಲಿ ತಡೆದವರೂ ಸತ್ತರು, ಅಂಗಳದಲ್ಲಿದ್ದ ಮಕ್ಕಳೂ ಸತ್ತರು, ಒಳಗಿದ್ದ ನೂರಾರು ಜನ ಉಳಿದರು. ಆ ಬೆಳಗ್ಗೆ ಅಲ್ಲಿ ಸಾವಿಗೆ ಅಂಜದ ಇಬ್ಬರು ಎದುರುಬದುರಾಗಿ ನಿಂತಿದ್ದರು ಎನ್ನಬಹುದು. ಅವರಲ್ಲಿ ಒಬ್ಬರಿಗೆ ಇತರರ ಜೀವ ಬೇಕಾಗಿತ್ತು, ಇನ್ನೊಬ್ಬನಿಗೆ ಬೇಕಿರಲಿಲ್ಲ.

ದಾಳಿಯ ನಂತರದ ದಿನಗಳಲ್ಲಿ ಕೊಲಂಬೊದ ಆರ್ಚ್‌ಬಿಷಪ್ ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರ ಮೊದಲ ಕಾಳಜಿ ಪ್ರತೀಕಾರವನ್ನು ತಡೆಯುವುದಾಗಿತ್ತು. ಮೇ ತಿಂಗಳಲ್ಲಿ ನೆಗೊಂಬೊದಲ್ಲೂ ವಾಯವ್ಯ ಪ್ರಾಂತ್ಯದಲ್ಲೂ ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಗುಂಪುಗಳು ಎರಗಿದಾಗ ಅವರು ಸಂಯಮಕ್ಕಾಗಿ ಮತ್ತೆ ಮತ್ತೆ ಮನವಿ ಮಾಡಿದರು. ದಾಳಿಯ ಸೂತ್ರಧಾರನ ಉಗ್ರ ಬೋಧನೆಯ ಬಗ್ಗೆ ಮುಸ್ಲಿಂ ಮುಖಂಡರೇ ಅಧಿಕಾರಿಗಳಿಗೆ ಮೊದಲೇ ದೂರಿದ್ದರು ಎಂಬುದನ್ನು ಗಮನಿಸಿದರೆ ಆ ಪ್ರತೀಕಾರ ಎಷ್ಟು ಕುರುಡಾಗಿತ್ತೆಂಬುದು ತಿಳಿದೀತು.

ಎರಡನೆಯ ಧೈರ್ಯ ಇನ್ನೂ ಕಷ್ಟದ್ದು, ಏಕೆಂದರೆ ಅದಕ್ಕೆ ವರ್ಷಗಟ್ಟಲೆ ಕಾಲ ಬೇಕು. ದಾಳಿಯ ಸಾಧ್ಯತೆಯ ಕುರಿತು ಭಾರತದ ಗುಪ್ತಚರ ಮೂಲಗಳಿಂದ ಏಪ್ರಿಲ್ 4ರಂದೇ ಶ್ರೀಲಂಕೆಗೆ ಮಾಹಿತಿ ತಲುಪಿತ್ತು. ಅಧ್ಯಕ್ಷರಿಗೂ ಪ್ರಧಾನಿಗೂ 2018ರಿಂದ ಬಹಿರಂಗ ವೈಮನಸ್ಯ, ತಮಗೆ ವಿಷಯವನ್ನೇ ತಿಳಿಸಿರಲಿಲ್ಲ ಎಂದು ಪ್ರಧಾನಿ ಆಮೇಲೆ ಹೇಳಿದರು. ಎಚ್ಚರಿಕೆಯ ಪತ್ರವೊಂದು ‘ಅವಗಾಹನೆಗಾಗಿ’ ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಸಾಗುತ್ತಾ ಯಾರ ಹೊಣೆಯೂ ಆಗದೆ ಉಳಿಯುವುದು ಹೇಗೆಂದು ಕಡತಗಳ ನಡುವೆ ಬದುಕಿದವರಿಗೆ ವಿವರಿಸಬೇಕಾಗಿಲ್ಲ. ಆ ದೇಶದ ಸುಪ್ರೀಂ ಕೋರ್ಟ್ 2023ರ ಜನವರಿ 12ರಂದು ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಕರ್ತವ್ಯಲೋಪಕ್ಕಾಗಿ ತಮ್ಮ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. ಆಗಿನ ಪೊಲೀಸ್ ಮುಖ್ಯಸ್ಥರು, ಗುಪ್ತಚರ ಮುಖ್ಯಸ್ಥರು ಮತ್ತು ರಕ್ಷಣಾ ಕಾರ್ಯದರ್ಶಿಯೂ ದಂಡ ತೆರಬೇಕಾಯಿತು. ಅಧಿಕಾರದಲ್ಲಿ ಕುಳಿತವರ ನಿಷ್ಕ್ರಿಯತೆಗೆ ಸ್ವಂತ ಜೇಬಿನಿಂದ ಬೆಲೆ ತೆರಿಸಿದ ಈ ತೀರ್ಪನ್ನು ನಮ್ಮ ಆಡಳಿತ ತರಬೇತಿ ಸಂಸ್ಥೆಗಳಲ್ಲಿ ಪಾಠವಾಗಿ ಇಡಬೇಕು.

ಕಾರ್ಡಿನಲ್ ರಂಜಿತ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸಂಚಿನ ಹಿಂದಿನ ಕೈಗಳು ಯಾವುವೆಂದು ಸರ್ಕಾರಗಳನ್ನು ಕೇಳುತ್ತಲೇ ಬಂದರು. 2022ರ ಮಾರ್ಚಿನಲ್ಲಿಯೇ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಮುಂದೂ ವಿಷಯವನ್ನು ಇಟ್ಟಿದ್ದರು. ಕ್ಷಮೆಯನ್ನು ಬೋಧಿಸುವ ಧರ್ಮಕ್ಕೆ ಇಷ್ಟೊಂದು ಹಟ ತರವೇ ಎಂದು ಕೇಳುವವರಿದ್ದಾರೆ. ತರವೇ ಎಂಬುದು ನನ್ನ ಅಭಿಪ್ರಾಯ. ಕ್ಷಮಿಸಬೇಕಾದರೆ ಕ್ಷಮಿಸುತ್ತಿರುವುದು ಏನನ್ನು, ಯಾರನ್ನು ಎಂಬುದು ಗೊತ್ತಿರಬೇಕು. ಗಾಯವನ್ನು ಮುಚ್ಚಿಟ್ಟು ‘ಮರೆತುಬಿಡಿ’ ಎನ್ನುವುದು ಆಳುವವರಿಗೆ ಅನುಕೂಲ, ಅಷ್ಟೇ.

ಆ ದ್ವೀಪದ ಕಥೋಲಿಕರಿಗೆ ಇಂಥ ಛಲ ಹೊಸದೂ ಅಲ್ಲ. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ನಿಷೇಧವಿದ್ದಾಗ, 1687ರಲ್ಲಿ ಬಡ ಕೂಲಿಯ ವೇಷದಲ್ಲಿ ದಾಟಿ ಹೋಗಿ ಚದುರಿದ ಸಮುದಾಯವನ್ನು ಮರಳಿ ಕಟ್ಟಿದವರು ಗೋವೆಯ ಜೋಸೆಫ್ ವಾಜ್. ಅದಕ್ಕೆ ಮುನ್ನ, 1680ರ ದಶಕದ ಆರಂಭದಲ್ಲಿ ಅವರು ದುಡಿದದ್ದು ನಮ್ಮ ಕರಾವಳಿಯ ಕೆನರಾದಲ್ಲಿ. ದಕ್ಷಿಣ ಕನ್ನಡದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. 2015ರ ಜನವರಿಯಲ್ಲಿ ಕೊಲಂಬೊದ ಕಡಲ ದಂಡೆಯಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಹತ್ತು ವರ್ಷಗಳ ಬಳಿಕ, 2025ರ ಏಪ್ರಿಲ್ 21ರಂದು, ದಾಳಿಯಲ್ಲಿ ಮಡಿದ 167 ಕಥೋಲಿಕರ ಹೆಸರುಗಳನ್ನು ವ್ಯಾಟಿಕನ್ ‘ವಿಶ್ವಾಸದ ಸಾಕ್ಷಿಗಳ’ ಪಟ್ಟಿಗೆ ಸೇರಿಸಿರುವುದನ್ನು ಕಾರ್ಡಿನಲ್ ಪ್ರಕಟಿಸಿದರು. ಪೋಪ್ ಫ್ರಾನ್ಸಿಸ್ ಕೊನೆಯುಸಿರೆಳೆದದ್ದೂ ಅದೇ ದಿನ.

ಪ್ರತಿ ವರ್ಷ ಏಪ್ರಿಲ್ 21ರ ಬೆಳಗ್ಗೆ 8.45ಕ್ಕೆ, ಮೊದಲ ಬಾಂಬು ಸಿಡಿದ ಹೊತ್ತಿಗೆ, ಶ್ರೀಲಂಕೆಯ ಚರ್ಚುಗಳಲ್ಲಿ ಎರಡು ನಿಮಿಷ ಮೌನ ಆಚರಿಸುತ್ತಾರೆ. ಅದಾದ ಮೇಲೆ ದೀಪ ಹಚ್ಚುತ್ತಾರೆ, ಸತ್ತವರ ಹೆಸರು ಹೇಳುತ್ತಾರೆ, ಪೂಜೆ ಮುಂದುವರಿಯುತ್ತದೆ.